ರಾತ್ರಿ ಕಳೆಯದ ಉತ್ತರ

ಆ ಊರಿಗೆ ಹೋದ ಮೊದಲ ದಿನ ನಾನು ಮನೆಯೊಡತಿ ಸರಸಮ್ಮನವರನ್ನು, "ಬಚ್ಚಲಲ್ಲಿ ಬಿಸಿನೀರು ಬರುತ್ತಾ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ ನಕ್ಕು, ಬಾಗಿಲು ಎಳೆದುಕೊಂಡು ಹೊರಟುಹೋದರು. ನಾನು ತಣ್ಣೀರಿನಲ್ಲೇ ಮಿಂದು, ನಡುಗುತ್ತಾ ಮಲಗಿದೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅದೇ ಬಾಗಿಲು ತೆರೆಯಿತು. "ಬರುತ್ತೆ ಕಣಮ್ಮ. ಕೆಂಪು ನಲ್ಲಿ ತಿರುಗಿಸ್ಬೇಕು, ಒಂದ್ ಸ್ವಲ್ಪ ಹೊತ್ತು ಬಿಡ್ಬೇಕು," ಎಂದರು ಸರಸಮ್ಮ, ನಾನು ಆಗತಾನೇ ಕೇಳಿದೆನೇನೋ ಎಂಬಂತೆ.

ಆ ಊರಿನಲ್ಲಿ ಇವತ್ತು ಕೇಳಿದ್ದಕ್ಕೆ ನಾಳೆ ಉತ್ತರ. ಕೇಳಿದ ದಿನವೇ ಕೊಟ್ಟದ್ದು ಹಸಿ ಉತ್ತರ. ಅದನ್ನು ಕೊಡುವವರಿಗೂ ಮರ್ಯಾದೆಯಿಲ್ಲ, ತೆಗೆದುಕೊಳ್ಳುವವರಿಗೂ ಇಲ್ಲ. ಒಂದು ರಾತ್ರಿ ಕಳೆಯಬೇಕು. ಹೀಗಾಗಿ ಅಂಗಡಿಯವರು ಯಾರೂ ಕೇಳದಿದ್ದರೂ ಬೆಲೆ ಕೂಗುತ್ತಲೇ ಇರುತ್ತಿದ್ದರು. ಬಸ್ಸು ಹತ್ತಿದವರು ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ತಾವು ಇಳಿಯುವ ಜಾಗವನ್ನು ಸಾರುತ್ತಿದ್ದರು. ಶಾಲೆಯಲ್ಲಿ ಪ್ರತಿ ಪರೀಕ್ಷೆಗೂ ಎರಡು ದಿನ, ಮೊದಲ ದಿನ ಪ್ರಶ್ನೆಪತ್ರಿಕೆ, ಮರುದಿನ ಉತ್ತರಪತ್ರಿಕೆ. ನನ್ನ ಪಕ್ಕದ ಬೀದಿಯ ಹುಡುಗನೊಬ್ಬ ಹುಡುಗಿಯನ್ನು ಮದುವೆಗೆ ಕೇಳಿ, ಆ ಇಡೀ ರಾತ್ರಿ ಅವಳ ಮನೆಯೆದುರಿನ ಜಗಲಿಯಲ್ಲೇ ಕೂತಿದ್ದ. ಊರಿನವರಿಗೆ ಅದು ಸಹಜವಾಗಿ ಕಂಡು, ಯಾರೋ ಅವನಿಗೆ ಕಂಬಳಿ ಹೊದಿಸಿ ಹೋಗಿದ್ದರು.

ನನ್ನ ಕೆಲಸ ರೋಪ್‌ವೇಯದು. ಊರು ಎರಡು ಗುಡ್ಡಗಳ ಮೇಲಿತ್ತು. ಒಂದು ಗುಡ್ಡದಲ್ಲಿ ಪೇಟೆ, ಇನ್ನೊಂದರಲ್ಲಿ ಆಸ್ಪತ್ರೆ, ಶಾಲೆ, ಕಚೇರಿಗಳು. ನಡುವೆ ಆಳವಾದ ಕಣಿವೆ. ಕಣಿವೆಯ ಮೇಲೆ ಉಕ್ಕಿನ ಹಗ್ಗಕ್ಕೆ ತೂಗುಬಿದ್ದ ಎರಡು ಡಬ್ಬಿಗಳು. ಒಂದು ಹೋಗುವಾಗ ಇನ್ನೊಂದು ಬರುತ್ತದೆ. ಊರಿನವರು ಅವನ್ನು ತೊಟ್ಟಿಲು ಎನ್ನುತ್ತಿದ್ದರು. ಹಳೆಯ ಯಂತ್ರದ ಜಾಗದಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆ ಕೂರಿಸಿ, ಅದನ್ನು ನಡೆಸಲು ತಾಂತ್ರಿಕ ಮುಖ್ಯಸ್ಥೆ ಬೇಕೆಂದು ರೋಪ್‌ವೇ ಸಮಿತಿಯವರು ನನ್ನನ್ನು ಕರೆಸಿಕೊಂಡಿದ್ದರು.

ಅದಕ್ಕೆ ಮೊದಲು ನಾನು ದೊಡ್ಡ ಊರುಗಳಲ್ಲಿ ದೊಡ್ಡ ತಂಡಗಳನ್ನು ನಡೆಸಿದವಳು. ನಾನು ಹೆಸರು ಮಾಡಿದ್ದೇ ಪ್ರಶ್ನೆ ಕೇಳುವುದರಲ್ಲಿ. ಮುಖ್ಯಸ್ಥರಾದವರಿಗೆ ಎಲ್ಲವೂ ಗೊತ್ತಿರಬೇಕಾಗಿಲ್ಲ, ಸರಿಯಾದ ಪ್ರಶ್ನೆ ಕೇಳಲು ಬಂದರೆ ಸಾಕು ಎಂದು ಕಿರಿಯರಿಗೆ ಭಾಷಣ ಮಾಡುತ್ತಿದ್ದೆ. ಗೊತ್ತಿಲ್ಲದ ಯಂತ್ರದ ಮುಂದೆ ನಿಂತರೂ ಎದೆ ಅಳುಕುತ್ತಿರಲಿಲ್ಲ. ನಾಲ್ಕು ಜನರನ್ನು ಕೇಳುತ್ತಿದ್ದೆ, ಅರ್ಧ ಗಂಟೆಯಲ್ಲಿ ತೀರ್ಮಾನ ಹೇಳುತ್ತಿದ್ದೆ. ಅಂಥವಳನ್ನು ತಂದು ಈ ಊರಿನಲ್ಲಿ ಬಿಟ್ಟರು.

ಮೊದಲ ತಿಂಗಳು ನನಗೆ ತಲೆ ಕೆಟ್ಟುಹೋಯಿತು. ಯಂತ್ರದ ಕೋಣೆಯ ಫೋರ್‌ಮನ್ ಕೆಂಪರಾಜು ದಪ್ಪ ಮೀಸೆಯ, ಸದಾ ಏನನ್ನೋ ಗೊಣಗುವ ಮನುಷ್ಯ. "ಕೆಂಪರಾಜು, ಈ ಬ್ರೇಕಿನ ಎಣ್ಣೆ ಯಾವಾಗ ಬದಲಾಯಿಸಿದ್ದು?" ಎಂದರೆ ಆತ ಎಣ್ಣೆಯ ಡಬ್ಬಿಯನ್ನೇ ನೋಡುತ್ತಾ ನಿಲ್ಲುತ್ತಿದ್ದ. ಮರುದಿನ ನಾನು ಪೇಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಬೆನ್ನ ಹಿಂದಿನಿಂದ "ಹೋದ ಯುಗಾದಿಗೆ" ಎಂಬ ದನಿ ಬರುತ್ತಿತ್ತು. ತಿರುಗಿ ನೋಡುವಷ್ಟರಲ್ಲಿ ಆತ ಗುಂಪಿನಲ್ಲಿ ಸೇರಿಹೋಗಿರುತ್ತಿದ್ದ. ನಾನು ಬದನೆಕಾಯಿ ಹಿಡಿದುಕೊಂಡು, ಹೋದ ಯುಗಾದಿಗೆ ಆದದ್ದೇನು ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಸಭೆ ಕರೆದರೆ ಇನ್ನೂ ಹಿಂಸೆ. ನಾನು ಕೇಳುತ್ತಾ ಹೋಗುವುದು, ಎಲ್ಲರೂ ತಲೆಯಾಡಿಸುತ್ತಾ ಕೂರುವುದು, ಕಾಫಿ ಕುಡಿದು ಏಳುವುದು. ಮರುದಿನ ಬೆಳಿಗ್ಗೆ ಉತ್ತರಗಳೆಲ್ಲ ಒಟ್ಟಿಗೇ ಬಂದು ಬೀಳುತ್ತಿದ್ದವು. ಅಷ್ಟರಲ್ಲಿ ಆ ಉತ್ತರಗಳಿಂದ ಹುಟ್ಟಬೇಕಾದ ಪ್ರಶ್ನೆಗಳು ಇನ್ನೊಂದು ದಿನ ಹಿಂದೆ ಸರಿದಿರುತ್ತಿದ್ದವು. ಒಂದು ಸಣ್ಣ ತಂತಿ ಬದಲಾಯಿಸಲು ವಾರ ಹಿಡಿಯಿತು. ಸಮಿತಿಯ ಅಧ್ಯಕ್ಷ ಇಂದುಧರಯ್ಯನವರ ಬಳಿ ಹೋಗಿ, "ಸಾರ್, ಹೀಗಾದ್ರೆ ನಾನು ಕೆಲಸ ಮಾಡೋದು ಹೇಗೆ?" ಎಂದು ಗೋಗರೆದೆ. ಅವರು ಬಿಳಿ ಟೋಪಿ ಸರಿಪಡಿಸಿಕೊಂಡು, ಕನಿಕರದಿಂದ ನೋಡಿ ಸುಮ್ಮನಾದರು. ಮರುದಿನ ಅವರ ಆಳು ಬಂದು, "ತಾಳ್ಮೆಯಿಂದ ಮಾಡಬೇಕಂತೆ" ಎಂದು ಹೇಳಿ ಹೋದ. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು.

ದಾರಿ ತೋರಿಸಿದ್ದು ಜ್ವರ. ಒಂದು ದಿನ ಮೈ ಕಾದು ಆಸ್ಪತ್ರೆಗೆ ಹೋದೆ. ಆ ಊರಿನ ಡಾಕ್ಟರು ನನಗೇನಾಗಿದೆ ಎಂದು ಕೇಳಲೇ ಇಲ್ಲ. ಕೂತ ತಕ್ಷಣ, "ನಿಮಗೆ ಹೊಟ್ಟೆನೋವು," ಎಂದರು. "ಇಲ್ಲ ಡಾಕ್ಟ್ರೇ, ಜ್ವರ," ಎಂದೆ. "ನಿನ್ನೆಯಿಂದ ಬಂದಿದೆ." "ಇಲ್ಲ, ಮೊನ್ನೆಯಿಂದ." "ಚಳಿ ಇಲ್ಲ." "ಇದೆ, ಸಂಜೆ ಹೊತ್ತು ತುಂಬಾ." ಅವರು ತೃಪ್ತಿಯಿಂದ ಮಾತ್ರೆ ಬರೆದುಕೊಟ್ಟರು. ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು. ಈ ಊರಿನಲ್ಲಿ ಉತ್ತರಕ್ಕೆ ಮಾತ್ರ ತಡೆ. ತಪ್ಪು ಹೇಳಿದವರನ್ನು ಅಲ್ಲಗಳೆಯುವುದಕ್ಕೆ ಯಾವ ತಡೆಯೂ ಇಲ್ಲ!

ಅಂದಿನಿಂದ ನಾನು ಕೇಳುವುದನ್ನು ಬಿಟ್ಟೆ, ಹೇಳಲು ಶುರುಮಾಡಿದೆ. ಗೊತ್ತಿಲ್ಲದ್ದನ್ನೂ ಗೊತ್ತಿರುವವಳ ಹಾಗೆ, ಬಿಗಿ ದನಿಯಲ್ಲಿ. "ನಾಳೆ ಬೆಳಿಗ್ಗೆ ದೊಡ್ಡ ಗಾಲಿ ಬಿಚ್ಚುತ್ತೇವೆ," ಎಂದರೆ ಕೆಂಪರಾಜು ಹೌಹಾರಿ, "ಅಯ್ಯೋ, ನಾಳೆ ಸಂತೆ ಮೇಡಂ, ಜನ ಬಂದು ನಮ್ಮನ್ನ ಬಿಚ್ತಾರೆ," ಎನ್ನುತ್ತಿದ್ದ. "ಈ ಮೋಟರು ಇನ್ನೂ ಹತ್ತು ವರ್ಷ ಬಾಳುತ್ತೆ," ಎಂದರೆ ಮೂರು ಜನ ಒಟ್ಟಿಗೆ, "ಬಾಳಲ್ಲ" ಎನ್ನುತ್ತಿದ್ದರು. ಕೆಲಸ ಓಡತೊಡಗಿತು. ಆದರೆ ನನ್ನ ಪಾಡು ಕೇಳಬೇಡಿ. ದಿನಕ್ಕೆ ಹತ್ತು ಸಲ ಎಲ್ಲರೆದುರು ತಪ್ಪು ಹೇಳುವುದು, ಹತ್ತು ಸಲವೂ ತಿದ್ದಿಸಿಕೊಳ್ಳುವುದು ಎಂದರೆ ಸುಲಭವಲ್ಲ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಏನೂ ಗೊತ್ತಿಲ್ಲದಿದ್ದರೂ ಜೋರಾಗಿ ಮಾತಾಡೋ ಮೇಡಂ ಎಂದು ಪೇಟೆಯಲ್ಲಿ ಹೆಸರೂ ಬಿತ್ತು. ಸರಸಮ್ಮನವರು ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೇ ಇತ್ತು.

ಹೀಗೆ ಮಳೆಗಾಲ ಮುಗಿಯುತ್ತಾ ಬಂದ ಒಂದು ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ತೊಟ್ಟಿಲು ಕಣಿವೆಯ ನಡುವೆ ನಿಂತಿತು. ಕಂಪ್ಯೂಟರ್ ಪರದೆಯ ತುಂಬ ಕೆಂಪು. ಮೂರನೇ ಕಂಬದ ಮೇಲೆ ಹಗ್ಗ ಗಾಲಿಯಿಂದ ಜಾರಿದೆ ಎಂದು ಅದು ಹೇಳುತ್ತಿತ್ತು. ಕಿಟಕಿಯಿಂದ ನೋಡಿದರೆ ಕಣಿವೆಯಲ್ಲಿ ದಟ್ಟ ಮಂಜು. ಕಂಬವೂ ಇಲ್ಲ, ತೊಟ್ಟಿಲೂ ಇಲ್ಲ. ಎದುರಿನಿಂದ ಬರುತ್ತಿದ್ದ ತೊಟ್ಟಿಲು ಖಾಲಿ. ನಮ್ಮ ಕಡೆಯಿಂದ ಹೋದದ್ದರಲ್ಲಿ ಆಸ್ಪತ್ರೆಗೆ ಹೊರಟವರು, ಶಾಲೆಯಿಂದ ಮಕ್ಕಳನ್ನು ಕರೆತರಲು ಹೊರಟವರು. ಅವರೊಂದಿಗೆ ಸರಸಮ್ಮ, ಹೆರಿಗೆಯಾದ ಸೊಸೆಗೆ ಬುತ್ತಿ ತೆಗೆದುಕೊಂಡು.

ವ್ಯವಸ್ಥೆ ಮಾರಿದ ಕಂಪನಿಗೆ ಫೋನು ಮಾಡಿದೆ. ಆ ಕಡೆ ಇದ್ದವನು ನಮ್ಮ ಊರಿನವನಲ್ಲ, ಆದ್ದರಿಂದ ಉತ್ತರ ಸಿಗಬೇಕಾಗಿತ್ತು. ಆದರೆ ಆತನಿಗೆ ಪ್ರಶ್ನೆಗಳಷ್ಟೇ ಬರುತ್ತಿದ್ದವು. "ಮೇಡಂ, ನಿಮ್ಮ ಗ್ರಾಹಕ ಸಂಖ್ಯೆ ಎಷ್ಟು? ಪರದೆಯ ಮೂಲೆಯಲ್ಲಿ ಏನಂತ ಬರ್ತಿದೆ? ದೂರು ದಾಖಲು ಮಾಡಿದ್ದೀರಾ?" "ಜನ ನೇತಾಡ್ತಿದ್ದಾರೆ ಕಣ್ರೀ!" ಎಂದು ಕೂಗಿದೆ. "ಅರ್ಥ ಆಗುತ್ತೆ ಮೇಡಂ. ತುರ್ತು ಅಂತ ಗುರುತು ಹಾಕ್ಲಾ?" ಎಂದ. ಫೋನು ಕುಕ್ಕಿದೆ. ಒಂದು ಕಡೆ ಉತ್ತರ ಕೊಡದ ಊರು, ಇನ್ನೊಂದು ಕಡೆ ಕೇಳುವುದನ್ನು ನಿಲ್ಲಿಸದ ಮನುಷ್ಯ; ನಡುವೆ ನಾನು.

ಗಡಿಯಾರ ನೋಡಿಕೊಂಡೆ. ಆ ಕಣಿವೆಯಲ್ಲಿ ಇಳಿಹೊತ್ತಿಗೆ ಗಾಳಿ ಏಳುತ್ತದೆ, ಆಗ ತೊಟ್ಟಿಲನ್ನು ನಿಲ್ದಾಣದಲ್ಲೇ ಕಟ್ಟಿಹಾಕುತ್ತೇವೆ. ಕೆಳಗಿನ ಪಟ್ಟಣದಿಂದ ರಕ್ಷಣಾ ತಂಡ ಹೊರಟಿತ್ತು, ಆದರೆ ಘಾಟಿ ಹತ್ತಿ ಬರುವಾಗ ಸಂಜೆ ಕಳೆಯುತ್ತಿತ್ತು. ಕಂಬ ಹತ್ತಿ ನೋಡಲು ಇಬ್ಬರನ್ನು ಕಳಿಸಿದೆ. ಮಂಜಿನಲ್ಲಿ ಕಣಿವೆ ಇಳಿದು ಅವರು ಕಂಬ ಮುಟ್ಟುವುದೂ ಗಾಳಿ ಎದ್ದ ಮೇಲೆಯೇ. ಹಗ್ಗ ನಿಜಕ್ಕೂ ಜಾರಿದ್ದರೆ, ಯಂತ್ರ ಓಡಿಸಿದರೆ ತೊಟ್ಟಿಲು ಬಿದ್ದೀತು. ಜಾರಿಲ್ಲದಿದ್ದರೆ, ಓಡಿಸದೆ ಕೂತು ಜನರನ್ನು ಸುಮ್ಮನೆ ಗಾಳಿಯ ಬಾಯಿಗೆ ಬಿಟ್ಟ ಹಾಗಾದೀತು. ಇಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ, ಯಾರೂ ಕಲಿಸಿರಲಿಲ್ಲ.

ತೊಟ್ಟಿಲೊಳಗೆ ಒಂದು ಫೋನಿತ್ತು. ಸರಸಮ್ಮನೇ ಎತ್ತಿದರು. "ಸರಸಮ್ಮ, ನಿಲ್ಲುವಾಗ ತೊಟ್ಟಿಲು ಜೋರಾಗಿ ಜಗ್ಗಿತು," ಎಂದೆ.

"ಇಲ್ಲ ಕಣೇ ವಾರಿಜಾ, ನಿಧಾನಕ್ಕೆ ನಿಂತ್ಕೊಂಡ್ತು."

"ಒಂದು ಪಕ್ಕಕ್ಕೆ ವಾಲಿದೆ."

"ಇಲ್ವಲ್ಲ, ನೆಟ್ಟಗೇ ಇದೆ. ಬುತ್ತಿಯ ಸಾರು ಕೂಡ ಚೆಲ್ಲಿಲ್ಲ."

"ಮೇಲೆ ಹಗ್ಗ ಕಿರುಗುಡ್ತಿದೆ."

ಆ ಕಡೆ ಮೌನ. ನಾನು ಕಾದೆ. ಯಾರೋ ಕೆಮ್ಮಿದ ಸದ್ದು, ಮಗುವೊಂದರ ಅಳು. ಸರಸಮ್ಮ ಇಲ್ಲವೆನ್ನಲಿಲ್ಲ; ಹೌದೆಂದರೆ ಅದೂ ಹಸಿ ಉತ್ತರವೇ. ಕಿರುಗುಡುತ್ತಿರುವುದರಿಂದ ಸುಮ್ಮನಿದ್ದಾರೋ, ನನ್ನ ಮಾತೇ ಕೇಳಿಸದೆ ಸುಮ್ಮನಿದ್ದಾರೋ? ಮೌನಕ್ಕೆ ಎರಡೂ ಅರ್ಥ. ತಿಂಗಳುಗಟ್ಟಲೆ ನನ್ನ ಕೈಹಿಡಿದಿದ್ದ ಉಪಾಯ ಅಲ್ಲಿಗೆ ಮುಗಿಯಿತು.

ಕೋಣೆಯ ಕಡೆ ತಿರುಗಿದೆ. ಅಷ್ಟರಲ್ಲಿ ಇಂದುಧರಯ್ಯನವರೂ ಸಮಿತಿಯವರೂ ಬಂದು ಗೋಡೆಗೊರಗಿ ನಿಂತಿದ್ದರು. "ಡೀಸೆಲ್ ಎಂಜಿನ್‌ನಲ್ಲಿ ತೊಟ್ಟಿಲನ್ನ ಹಿಂದಕ್ಕೆ ತರ್ತೇವೆ," ಎಂದೆ, ನನ್ನಿಂದ ಆದಷ್ಟೂ ಬಿಗಿಯಾಗಿ. "ಕಂಬದಿಂದ ದೂರ, ನಮ್ಮ ಕಡೆಗೆ. ಇರುವೆ ಹರಿಯೋ ಹಾಗೆ. ಒಂದು ಸಣ್ಣ ಜಗ್ಗು ಕಂಡರೂ ನಿಲ್ಲಿಸ್ತೇವೆ." ಯಾರಾದರೂ ಅಲ್ಲಗಳೆಯಲಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅಯ್ಯೋ, ಯಾರಾದರೂ ಒಬ್ಬರು ತಪ್ಪು ಎನ್ನಬಾರದೇ! ಕೆಂಪರಾಜು ಮೀಸೆ ಕಚ್ಚುತ್ತಿದ್ದ. ಆತನಿಗೂ ಗೊತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ದಿನ ನಾನು ಧೈರ್ಯವೆಂದುಕೊಂಡದ್ದು, ತಪ್ಪಿದರೆ ತಿದ್ದುವವರಿದ್ದಾರೆ ಎಂಬ ನೆಮ್ಮದಿಯಷ್ಟೇ ಎಂದು ಆ ಕ್ಷಣದಲ್ಲಿ ತಿಳಿಯಿತು.

ಕಂಪ್ಯೂಟರನ್ನು ಬದಿಗಿಟ್ಟು ಡೀಸೆಲ್ ಎಂಜಿನ್ ಓಡಿಸುವ ಕೀಲಿ ಅಧ್ಯಕ್ಷರ ಬಳಿ ಇರುತ್ತಿತ್ತು. "ಸಾರ್, ಕೀಲಿ ಕೊಡಿ," ಎಂದು ಕೈ ಚಾಚಿದೆ.

"ರಕ್ಷಣಾ ತಂಡ ಬರ್ತಾ ಇದೆಯಲ್ಲಮ್ಮ. ಕಾಯೋಣ," ಎಂದರು ಇಂದುಧರಯ್ಯ.

"ಅವರಿಗಿಂತ ಮೊದಲು ಗಾಳಿ ಬರುತ್ತೆ."

"ಕಂಪ್ಯೂಟರು ಬೇಡ ಅಂತಿದೆ. ಅಷ್ಟು ಖರ್ಚು ಮಾಡಿ ತಂದದ್ದು."

"ಅದು ನಿಲ್ಲು ಅಂತ ಹೇಳಿದೆ ಸಾರ್, ನಿಂತಾಯ್ತು. ಮುಂದೇನು ಅನ್ನೋದು ಅದಕ್ಕೂ ಗೊತ್ತಿಲ್ಲ."

ಅವರು ಜೇಬಿಗೆ ಕೈ ಹಾಕಿದರು, ತೆಗೆಯಲಿಲ್ಲ. ಅವರ ತಂಗಿಯ ಗಂಡನೂ ಆ ತೊಟ್ಟಿಲಲ್ಲಿದ್ದನೆಂದು ನನಗೆ ಆಮೇಲೆ ಗೊತ್ತಾಯಿತು. "ಏನಾದ್ರೂ ಆದ್ರೆ ಯಾರು ಹೊಣೆ?" ಎಂದರು.

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಏನೋ ಒಂದು ಬಗೆಯ ಹಗುರವೂ ಬಂತು. "ಸಾರ್, ನೀವು ಕೇಳಿರೋದು ಪ್ರಶ್ನೆ," ಎಂದೆ. "ನಾಳೆ ಉತ್ತರ ಹೇಳ್ತೀನಿ. ಈಗ ಕೀಲಿ ಕೊಡಿ."

ಅವರು ಜೇಬಿನಿಂದ ಕೈ ತೆಗೆದರು. ಕೀಲಿ ನನ್ನ ಅಂಗೈಗೆ ಬಂತು.

ಎಂಜಿನ್ ಮೊದಲ ಸಲ ಕೆಮ್ಮಿ ಸತ್ತಿತು. ಎರಡನೆಯ ಸಲ ಹಿಡಿಯಿತು. ಕೆಂಪರಾಜು ಕೈಬ್ರೇಕಿನ ಸನ್ನೆಗೋಲು ಹಿಡಿದು ನಿಂತ. ನಾನು ಒಂದು ಕಿವಿಗೆ ಫೋನು ಒತ್ತಿಕೊಂಡು ಕಿಟಕಿಯ ಬಳಿ ನಿಂತೆ. ದೊಡ್ಡ ಗಾಲಿ ಹಿಂದಕ್ಕೆ ಹೊರಳಿತು. ಹಗ್ಗ ಬಿಗಿಯಿತು. "ಅಲ್ಲಾಡ್ತು, ಅಲ್ಲಾಡ್ತು!" ಎಂದು ಸರಸಮ್ಮ ಕೂಗಿದರು. ನಿಲ್ಲಿಸಿದೆವು. "ಜಗ್ಗಿದ್ದಲ್ಲ ಕಣೇ, ಹೊರಟಿದ್ದು ಅಷ್ಟೇ," ಎಂದರು. ಮತ್ತೆ ಓಡಿಸಿದೆವು. ಹೀಗೇ ಒಂದಿಷ್ಟು ಎಳೆಯುವುದು, ನಿಲ್ಲಿಸುವುದು, ಕೇಳಿಸಿಕೊಳ್ಳುವುದು. ಒಂದು ಸಲ ಮೇಲಿನಿಂದ ದೊಡ್ಡದಾಗಿ 'ಟಣ್' ಎಂದು ಸದ್ದಾಯಿತು; ಫೋನಿನಲ್ಲಿ ಎಲ್ಲರೂ ಚೀರಿದರು. ಕೆಂಪರಾಜು ನನ್ನ ಮುಖ ನೋಡಿದ. ಅಲ್ಲೇ ನಿಲ್ಲುವುದೇ, ಮುಂದುವರಿಯುವುದೇ? ಮಂಜು ಆಗಲೇ ತೆಳುವಾಗಿ ಹರಿಯತೊಡಗಿತ್ತು; ಗಾಳಿ ಎದ್ದಿತ್ತು. "ಎಳಿ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ತೊಟ್ಟಿಲು ಮಂಜಿನೊಳಗಿನಿಂದ ತಟ್ಟನೆ ಹೊರಬಂತು. ನಾನೆಣಿಸಿದ್ದಕ್ಕಿಂತ ಬಹಳ ಹತ್ತಿರ. ನಿಲ್ದಾಣದ ಬಳಿ ವೇಗ ತಗ್ಗಿಸುವುದು ಕಂಪ್ಯೂಟರಿನ ಕೆಲಸ, ಅದನ್ನು ನಾವೇ ಬದಿಗಿಟ್ಟಿದ್ದೆವು. "ಹಿಡಿ!" ಎಂದು ಕೂಗುವಷ್ಟರಲ್ಲಿ ತಡವಾಗಿತ್ತು. ಕೆಂಪರಾಜು ಸನ್ನೆಗೋಲಿಗೆ ಮೈಯೆಲ್ಲ ಜೋತುಬಿದ್ದ. ತೊಟ್ಟಿಲು ಕಟ್ಟೆಗೆ ಬಡಿದು ನಿಂತಿತು. ಬಾಗಿಲು ತೆರೆದಾಗ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಸಾರು ಎಲ್ಲೆಡೆ ಚೆಲ್ಲಿತ್ತು. ಒಬ್ಬ ಮುದುಕರ ಹಣೆ ಒಡೆದಿತ್ತು. ಸರಸಮ್ಮನವರ ಮುಂಗೈ ನೋಡಬಾರದ ಹಾಗೆ ತಿರುಚಿಕೊಂಡಿತ್ತು. ಆದರೆ ಎಲ್ಲರೂ ಉಸಿರಾಡುತ್ತಿದ್ದರು. ಸರಸಮ್ಮನನ್ನು ಎತ್ತಿ ಕೂರಿಸುತ್ತಾ, "ತುಂಬಾ ನೋವಾಗ್ತಿದೆಯಾ?" ಎಂದುಬಿಟ್ಟೆ. ಆ ನೋವಿನಲ್ಲೂ ಅವರು, ಇನ್ನೂ ಕಲಿತಿಲ್ಲವಲ್ಲ ಇವಳು ಎಂಬಂತೆ ನನ್ನನ್ನು ನೋಡಿದರು. ಗಾಯವಾದವರನ್ನು ಜೀಪಿನಲ್ಲಿ ಸುತ್ತಿನ ದಾರಿಯಿಂದ ಆಸ್ಪತ್ರೆಗೆ ಸಾಗಿಸಿದೆವು. ಅಷ್ಟರಲ್ಲಿ ಗಾಳಿ ನಿಲ್ದಾಣದ ತಗಡನ್ನು ಬಡಿಯುತ್ತಿತ್ತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಸರಸಮ್ಮ, "ನೋವಿತ್ತು ಕಣೇ, ಜೀವ ಹೋಗೋ ಹಾಗೆ," ಎಂದರು. "ನನ್ನಿಂದಾಗಿ," ಎಂದೆ. ಅವರು ಅಲ್ಲಗಳೆಯಲಿಲ್ಲ. ಮಗ್ಗುಲಿಗೆ ಸರಿದು ನನಗೆ ಕೂರಲು ಜಾಗ ಮಾಡಿದರು.

ಅಲ್ಲಿಂದ ಸಮಿತಿಯ ಕೋಣೆಗೆ ಹೋದೆ. ಕಂಬ ಹತ್ತಿದವರು ನನಗಿಂತ ಮೊದಲೇ ಬಂದಿದ್ದರು. ಹಗ್ಗ ನಿಜಕ್ಕೂ ಗಾಲಿಯ ಅಂಚಿಗೆ ಹತ್ತಿ ಕೂತಿದೆ ಎಂದರು. ನಾನು ಬದಿಗಿಟ್ಟ ಕಂಪ್ಯೂಟರು ಹೇಳಿದ್ದು ಸತ್ಯ. ನಾವು ಎಳೆಯುವಾಗ ಅದು ಪೂರ್ತಿ ಜಾರಬಹುದಿತ್ತು, ಜಾರಲಿಲ್ಲ. ಎಳೆಯದೆ ಬಿಟ್ಟಿದ್ದರೆ ರಾತ್ರಿಯ ಗಾಳಿಗೆ ಜಾರುತ್ತಿತ್ತೇ? ಅದನ್ನು ಯಾರೂ ಹೇಳಲಾರರು, ಎಷ್ಟು ರಾತ್ರಿ ಕಳೆದರೂ. ಹಿಂದಿನ ಇಡೀ ರಾತ್ರಿ ನಾನು ಹಾಸಿಗೆಯಲ್ಲಿ ಹೊರಳಾಡುತ್ತಾ ಚೆಂದದ ಉತ್ತರಗಳನ್ನು ಕಟ್ಟಿದ್ದೆ. ಕಂಪನಿಯ ತಪ್ಪು ಎನ್ನಬಹುದಿತ್ತು, ಮಂಜಿನ ತಪ್ಪು ಎನ್ನಬಹುದಿತ್ತು, ಕೆಂಪರಾಜುವಿನ ಕೈ ತಡವಾಯಿತು ಎಂದರೂ ನಂಬುವವರಿದ್ದರು. ಕೀಲಿ ಕೊಟ್ಟವರು ನೀವೇ ಎಂದು ಅಧ್ಯಕ್ಷರಿಗೇ ತಿರುಗಿಸಬಹುದಿತ್ತು. ಬೆಳಗಾಗುವ ಹೊತ್ತಿಗೆ ಅವೆಲ್ಲ ಹಳಸಿ ಹೋಗಿದ್ದವು.

ಇಂದುಧರಯ್ಯ ನನ್ನನ್ನೇ ನೋಡುತ್ತಿದ್ದರು. ಕೆಂಪರಾಜು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ.

"ನಿನ್ನೆ ಯಾರು ಹೊಣೆ ಅಂತ ಕೇಳಿದ್ರಿ," ಎಂದೆ. "ನಾನು. ಹಗ್ಗ ಜಾರಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಎಳೆಸಿದೆ. ಕೊನೆಯಲ್ಲಿ ಹಿಡಿ ಅಂತ ಕೂಗಿದ್ದು ನಾನು, ತಡವಾಗಿ ಕೂಗಿದ್ದೂ ನಾನು. ನಾನು ಹೇಳಿದ ಕೂಡಲೇ ಕೆಂಪರಾಜು ಹಿಡಿದ. ಆ ಮುರಿದ ಕೈ, ಒಡೆದ ಹಣೆ ಎರಡೂ ನನ್ನ ಲೆಕ್ಕಕ್ಕೆ."

ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಬೇಕೆನಿಸಿತು, ನಾಲಿಗೆಯ ತುದಿಯವರೆಗೂ ಬಂತು. ಇನ್ನೊಂದು ಇಡೀ ದಿನ ಕಾಯುವ ಶಕ್ತಿ ನನ್ನಲ್ಲಿರಲಿಲ್ಲ. ನೆಟ್ಟಗೆ ನಿಂತು ಹೇಳಿದೆ: "ಆ ಗಾಲಿ ಬದಲಾಯಿಸೋವರೆಗೂ ತೊಟ್ಟಿಲು ಓಡೋದಿಲ್ಲ. ಬ್ರೇಕು ಹಿಡಿಯೋ ಅಭ್ಯಾಸ ಎಲ್ಲರಿಗೂ ಹೊಸದಾಗಿ ಆಗ್ಬೇಕು, ಮೊದಲು ನನಗೆ. ನಾನೇ ನಿಂತು ಮಾಡಿಸ್ತೀನಿ. ನಾಳೆ ಬೆಳಿಗ್ಗೆ ಕೆಲಸ ಶುರು."

ಅಧ್ಯಕ್ಷರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಸಮಿತಿಯವರು ನೆಲ ನೋಡಿದರು. ಅಲ್ಲಗಳೆಯುವ ಒಂದು ದನಿಯೂ ಏಳಲಿಲ್ಲ. ಆಗ ಬಾಗಿಲ ಬಳಿಯಿಂದ ಕೆಂಪರಾಜು ಗೊಣಗಿದ.

"ನಾಳೆ ಅಲ್ಲ ಮೇಡಂ," ಎಂದ. "ಇವತ್ತೇ. ಬನ್ನಿ."